ಮನೆ ನವೀಕರಣ: ಗುತ್ತಿಗೆದಾರರ ಆಯ್ಕೆಯಲ್ಲಿ ವರ್ತಕರು ಗಮನಿಸಬೇಕಾದ ಅಂಶಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹೊಸ ಮನೆಯನ್ನು ಕುರಿತದ್ದು. ಹಳೆಯ ಮನೆಯನ್ನು ಸರಿಪಡಿಸುವವರ ಕಷ್ಟ ಅದರಲ್ಲಿ ಸೇರಿಲ್ಲ. ಹೊಸ ಮನೆಯಲ್ಲಿ ಆಗಬೇಕಾದ ಕೆಲಸವೆಲ್ಲವೂ ನಕ್ಷೆಯಲ್ಲಿ ಮೊದಲೇ ಕಾಣುತ್ತದೆ. ಹಳೆಯ ಮನೆಯಲ್ಲಿ ಗಾರೆ ಕೆರೆದು, ಮಾಳಿಗೆಯ ಮಣ್ಣು ಇಳಿಸಿ ನೋಡುವವರೆಗೆ ತೊಲೆ ಗಟ್ಟಿಯಿದೆಯೇ, ಗೋಡೆಯ ಬುಡ ಭದ್ರವಾಗಿದೆಯೇ ಎಂಬುದು ಮಾಲೀಕನಿಗೂ ತಿಳಿಯದು, ಮೇಸ್ತ್ರಿಗೂ ತಿಳಿಯದು. ಆದ್ದರಿಂದಲೇ ನವೀಕರಣದಲ್ಲಿ ಗುತ್ತಿಗೆದಾರರ ಆಯ್ಕೆಯು ಹೊಸ ಕಟ್ಟಡಕ್ಕಿಂತ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ.

ವರ್ತಕರಿಗೆ ಈ ವಿಷಯ ಇನ್ನೊಂದು ಕಾರಣದಿಂದ ಮುಖ್ಯವಾಗಿದೆ. ನಮ್ಮ ಊರುಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುವುದೇ ಸಾಮಾನ್ಯ. ಎರಡಕ್ಕೂ ಒಂದೇ ಮಾಳಿಗೆ, ಬಹುಪಾಲು ಒಂದೇ ಗಲ್ಲಾ. ಕೆಲಸ ಅರ್ಧಕ್ಕೆ ನಿಂತರೆ ವಾಸಕ್ಕೆ ತೊಂದರೆಯಾಗುವುದಲ್ಲದೆ, ಮೆಕ್ಕೆಜೋಳ, ಈರುಳ್ಳಿಯ ಸುಗ್ಗಿಯಲ್ಲಿ ಮಾಲು ಹಿಡಿಯಬೇಕಾದ ದುಡಿಮೆ ಬಂಡವಾಳ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಾದರಿ ನೋಡದೆ, ತೂಕ ಮಾಡಿಸದೆ, ಪಟ್ಟಿ ಬರೆಯದೆ ಒಂದು ಚೀಲ ಕಾಳನ್ನೂ ಕೊಳ್ಳದ ವರ್ತಕರು ಹತ್ತು ಲಕ್ಷ ರೂಪಾಯಿಯ ಕಟ್ಟಡ ಕೆಲಸವನ್ನು ಬಾಯಿಮಾತಿನ ಮೇಲೆ ಒಪ್ಪಿಸುವುದನ್ನು ಕಾಣುತ್ತೇವೆ. ವ್ಯಾಪಾರದಲ್ಲಿ ದಿನವೂ ಪಾಲಿಸುವ ಶಿಸ್ತನ್ನು ಮನೆಯ ಕೆಲಸಕ್ಕೂ ಅನ್ವಯಿಸುವ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಗದ ಪರಿಸ್ಥಿತಿ

ಭರಮಸಾಗರವು ಚಿತ್ರದುರ್ಗ ಮತ್ತು ದಾವಣಗೆರೆಗಳ ನಡುವೆ ಹೆದ್ದಾರಿಯ ಮೇಲಿರುವ ಊರು. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದ ಈ ರಸ್ತೆ 2010ರ ಮರುಸಂಖ್ಯೆಯ ನಂತರ ಹೆದ್ದಾರಿ 48ರ ಭಾಗವಾಗಿದೆ. ಎರಡೂ ನಗರಗಳ ಗುತ್ತಿಗೆದಾರರು ಇಲ್ಲಿಗೆ ಬಂದು ಕೆಲಸ ಮಾಡಬಲ್ಲರು. ಊರಿನ ಮೇಸ್ತ್ರಿಗಳೂ ಇದ್ದಾರೆ. ಆಯ್ಕೆಗೆ ಅವಕಾಶವಿರುವ ಕಡೆ ಹೋಲಿಕೆ ಮಾಡದಿರುವುದು ನಷ್ಟವೇ ಸರಿ.

ಹಳೆಯ ಬೀದಿಗಳಲ್ಲಿ ಅಂಕಣಗಳ ಲೆಕ್ಕದಲ್ಲಿ ಕಟ್ಟಿದ, ಕಲ್ಲುಮಣ್ಣಿನ ದಪ್ಪ ಗೋಡೆಯ, ಕಂಬ, ತೊಲೆ, ಜಂತೆಗಳ ಮೇಲೆ ಮಣ್ಣಿನ ಮಾಳಿಗೆಯುಳ್ಳ ಮನೆಗಳು ಇಂದಿಗೂ ಇವೆ. ಇವುಗಳ ಮೇಲೆ ಸಿಮೆಂಟಿನ ಕೆಲಸ ಕೂಡಿಸುವಾಗ ಹಳೆಯ ಗೋಡೆ ಎಷ್ಟು ಭಾರ ಹೊರಬಲ್ಲದು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಏತ ನೀರಾವರಿಯ ಮೂಲಕ 2021ರಲ್ಲಿ ತುಂಗಭದ್ರೆಯ ನೀರು ಭರಮಸಾಗರದ ಕೆರೆಗೆ ಹರಿದು ಬಂದಿದೆ. ಇದು ಸಂತೋಷದ ಸಂಗತಿ. ಆದರೆ ತಗ್ಗಿನ ಭಾಗದ ಹಳೆಯ ಮನೆಯವರು ಗೋಡೆಯ ಬುಡದಲ್ಲಿ ತೇವ ಏರುತ್ತಿದೆಯೇ ಎಂಬುದನ್ನು ಪರೀಕ್ಷಿಸಿಯೇ ಗಾರೆ, ಬಣ್ಣಗಳಿಗೆ ಖರ್ಚು ಮಾಡುವುದು ಲೇಸು.

ಮೊದಲು ಕೆಲಸದ ಪಟ್ಟಿ, ಅನಂತರ ಗುತ್ತಿಗೆದಾರ

ಸಾಮಾನ್ಯವಾಗಿ ಮಾಲೀಕರು ಮೊದಲು ಗುತ್ತಿಗೆದಾರರನ್ನು ಕರೆಸಿ, ‘ಎಷ್ಟಾಗುತ್ತದೆ?’ ಎಂದು ಕೇಳುತ್ತಾರೆ. ಅವರು ಮನೆಯನ್ನು ಒಮ್ಮೆ ಸುತ್ತಿ ನೋಡಿ, ಚದರಕ್ಕೆ ಇಷ್ಟು ಎಂದು ಹೇಳುತ್ತಾರೆ. ಒಂದು ಚದರವೆಂದರೆ 100 ಚದರ ಅಡಿ. ಹೊಸ ಕಟ್ಟಡಕ್ಕೆ ಈ ಲೆಕ್ಕ ಸ್ವಲ್ಪಮಟ್ಟಿಗೆ ಹೊಂದುತ್ತದೆ, ನವೀಕರಣಕ್ಕೆ ಹೊಂದುವುದಿಲ್ಲ. ಒಬ್ಬರ ಮನೆಯಲ್ಲಿ ಒಂದು ಚದರವೆಂದರೆ ನೆಲ ಮತ್ತು ಬಣ್ಣ ಮಾತ್ರ. ಇನ್ನೊಬ್ಬರ ಮನೆಯಲ್ಲಿ ಮಾಳಿಗೆ ಇಳಿಸಿ ಹೊಸದಾಗಿ ತಾರಸಿ ಹಾಕುವುದು. ಎರಡಕ್ಕೂ ಒಂದೇ ಅಳತೆಗೋಲು ಸಲ್ಲದು.

ಆದುದರಿಂದ ಮೊದಲ ಹೆಜ್ಜೆ ಗುತ್ತಿಗೆದಾರರಲ್ಲ, ಒಬ್ಬ ಸಿವಿಲ್ ಇಂಜಿನಿಯರು. ಅವರಿಗೆ ಪ್ರತ್ಯೇಕವಾಗಿ ಶುಲ್ಕ ಕೊಟ್ಟು ಮನೆಯನ್ನು ತೋರಿಸಬೇಕು. ಯಾವ ಗೋಡೆ ಭಾರ ಹೊರುತ್ತಿದೆ, ಅಂಗಡಿಯನ್ನು ಹಿಗ್ಗಿಸಲು ಯಾವ ಗೋಡೆಯನ್ನು ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅವರಿಂದ ಬರಹದಲ್ಲಿ ಪಡೆಯಬೇಕು. ಅನಂತರ ಅವರಿಂದಲೇ ಕೆಲಸವಾರು ಅಂದಾಜುಪಟ್ಟಿ ಮಾಡಿಸಬೇಕು: ಕೆಡಹುವುದು, ಮಣ್ಣು ಮತ್ತು ಅವಶೇಷ ಸಾಗಿಸುವುದು, ಗೋಡೆ, ತಾರಸಿ, ಗಾರೆ, ನೆಲ, ಬಾಗಿಲು ಕಿಟಕಿ, ವಿದ್ಯುತ್, ನೀರು ಮತ್ತು ಬಚ್ಚಲಿನ ಕೆಲಸ, ಬಣ್ಣ. ಪ್ರತಿಯೊಂದಕ್ಕೂ ಅಳತೆ ಮತ್ತು ಪ್ರಮಾಣ ಇರಬೇಕು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯು ಇಂತಹ ಅಂದಾಜಿಗೆ ಒಂದು ಆಧಾರ. ಮಾರುಕಟ್ಟೆಯ ದರ ಅದಕ್ಕಿಂತ ಹೆಚ್ಚು ಕಡಿಮೆ ಇರಬಹುದಾದರೂ, ಯಾವ ಕೆಲಸಕ್ಕೆ ಯಾರು ಅತಿಯಾಗಿ ಕೇಳುತ್ತಿದ್ದಾರೆ ಎಂಬುದು ಅದರಿಂದ ಗೊತ್ತಾಗುತ್ತದೆ. ಕೆಲಸ ಮಾಡುವವರೇ ಅಂದಾಜು ಬರೆದರೆ, ಮಾರುವವನೇ ತಕ್ಕಡಿ ಹಿಡಿದಂತಾಗುತ್ತದೆ.

ಇದೇ ಹಂತದಲ್ಲಿ ಅನುಮತಿಯ ವಿಚಾರವನ್ನೂ ಮುಗಿಸಿಕೊಳ್ಳಬೇಕು. ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟುವುದಕ್ಕೂ, ಇರುವ ಕಟ್ಟಡವನ್ನು ಮಾರ್ಪಡಿಸುವುದಕ್ಕೂ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣದಂತೆ ಲಿಖಿತ ಅನುಮತಿ ಬೇಕು. ಹೆದ್ದಾರಿಯ ಬದಿಯವರು ರಸ್ತೆಯಿಂದ ಬಿಡಬೇಕಾದ ಅಂತರವನ್ನು ಸಂಬಂಧಪಟ್ಟ ಪ್ರಾಧಿಕಾರದಲ್ಲಿ ವಿಚಾರಿಸದೆ ಮುಂಭಾಗಕ್ಕೆ ಹಣ ಹಾಕಬಾರದು. ಅನುಮತಿಯಿಲ್ಲದ ಕಟ್ಟಡಕ್ಕೆ ನೋಟೀಸು ಬರುವುದು ಮಾಲೀಕರ ಹೆಸರಿಗೇ ಹೊರತು ಗುತ್ತಿಗೆದಾರರ ಹೆಸರಿಗಲ್ಲ.

ಮೂರು ಬಗೆಯ ಗುತ್ತಿಗೆ

ಒಂದನೆಯದು ಕೂಲಿ ಗುತ್ತಿಗೆ. ಸಾಮಗ್ರಿ ಮಾಲೀಕರದು, ದುಡಿಮೆ ಮೇಸ್ತ್ರಿಯದು. ಸಗಟು ದರದಲ್ಲಿ ಸಿಮೆಂಟು, ಕಬ್ಬಿಣ ತರಿಸಬಲ್ಲ ವರ್ತಕರಿಗೆ ಇದು ಲಾಭಕರವೆಂದು ತೋರುತ್ತದೆ. ಆದರೆ ಮರಳು ಮುಗಿದು ಕೂಲಿಯವರು ಕುಳಿತರೆ ಆ ದಿನದ ನಷ್ಟ ಮಾಲೀಕರದೇ. ಅಂಗಡಿಯಲ್ಲಿ ಕುಳಿತು ವ್ಯಾಪಾರ ನೋಡಬೇಕಾದವರು ಪ್ರತಿದಿನ ಜಲ್ಲಿ, ಮರಳಿನ ಲೆಕ್ಕ ನೋಡಲು ಸಾಧ್ಯವೇ ಎಂದು ಯೋಚಿಸಬೇಕು.

ಎರಡನೆಯದು ಸಾಮಗ್ರಿ ಸಹಿತವಾದ ಒಟ್ಟು ಮೊತ್ತದ ಗುತ್ತಿಗೆ. ತಲೆನೋವು ಕಡಿಮೆ. ಆದರೆ ಯಾವ ಸಾಮಗ್ರಿ, ಯಾವ ದರ್ಜೆ ಎಂಬುದನ್ನು ಬರೆಯದಿದ್ದಲ್ಲಿ ಗುತ್ತಿಗೆದಾರರ ಉಳಿತಾಯವೆಲ್ಲವೂ ಸಾಮಗ್ರಿಯ ಗುಣದಿಂದಲೇ ಬರುತ್ತದೆ.

ಮೂರನೆಯದು ಅಳತೆಯ ಮೇಲಿನ ಗುತ್ತಿಗೆ. ಪ್ರತಿ ಕೆಲಸಕ್ಕೂ ದರ ನಿಗದಿ ಮಾಡಿ, ಆದ ಕೆಲಸವನ್ನು ಅಳೆದು ಹಣ ಕೊಡುವುದು. ಕೆಡಹಿದ ಮೇಲೆಯೇ ನಿಜಸ್ಥಿತಿ ತಿಳಿಯುವ ಹಳೆಯ ಮನೆಗಳಿಗೆ ಇದು ಹೆಚ್ಚು ನ್ಯಾಯವಾದ ಕ್ರಮ. ಅಡಗಿದ ಕೆಲಸಗಳಿಗೆ ಅಳತೆಯ ದರ, ಕಣ್ಣಿಗೆ ಕಾಣುವ ನೆಲ, ಬಣ್ಣಗಳಿಗೆ ಒಟ್ಟು ಮೊತ್ತ ಎಂದು ಎರಡನ್ನೂ ಬೆರೆಸಿಕೊಳ್ಳುವುದೂ ಸಾಧ್ಯ.

ಎರಡು ಲಕೋಟೆಯ ಪಾಠ

ಸರ್ಕಾರಿ ಕಾಮಗಾರಿಗಳ ಟೆಂಡರುಗಳನ್ನು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ನಿಯಂತ್ರಿಸುತ್ತದೆ. ಅಲ್ಲಿ ಎರಡು ಲಕೋಟೆಗಳ ಪದ್ಧತಿಯುಂಟು. ಮೊದಲು ತಾಂತ್ರಿಕ ಲಕೋಟೆಯನ್ನು ತೆರೆದು ಅರ್ಹತೆ ನೋಡುತ್ತಾರೆ. ಅರ್ಹರಾದವರ ದರದ ಲಕೋಟೆಯನ್ನು ಮಾತ್ರ ಆಮೇಲೆ ತೆರೆಯುತ್ತಾರೆ. ಮನೆಯ ಕೆಲಸಕ್ಕೂ ಈ ಕ್ರಮವೇ ಮೇಲು. ದರ ಮೊದಲು ಕಿವಿಗೆ ಬಿದ್ದರೆ, ಕಡಿಮೆ ಹೇಳಿದವರ ಕೊರತೆಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಅರ್ಹತೆ ನೋಡುವುದು ಹೇಗೆ? ‘ಕ್ಲಾಸ್ 1 ಗುತ್ತಿಗೆದಾರರು’ ಎಂಬ ಫಲಕವನ್ನು ಕಂಡು ತೃಪ್ತರಾಗಬಾರದು. ಅದು ಸರ್ಕಾರಿ ಕಾಮಗಾರಿಗಳಿಗಾಗಿ ಆಗಿರುವ ನೋಂದಣಿಯ ವರ್ಗ. ರಸ್ತೆ, ಮೋರಿಗಳಲ್ಲಿ ಹೆಸರು ಮಾಡಿದವರಿಗೆ ಮಣ್ಣಿನ ಮಾಳಿಗೆಯನ್ನು ಜೋಪಾನವಾಗಿ ಇಳಿಸಿ ಗೊತ್ತಿರಬೇಕೆಂದಿಲ್ಲ. ಅವರು ನವೀಕರಿಸಿದ ಮೂರು ಮನೆಗಳನ್ನು ನೋಡಬೇಕು. ಒಂದು ಈಗ ನಡೆಯುತ್ತಿರುವ ಕೆಲಸವಾಗಿರಲಿ, ಒಂದು ಹೋದ ವರ್ಷ ಮುಗಿದದ್ದು, ಒಂದು ಕನಿಷ್ಠ ಮೂರು ಮಳೆಗಾಲ ಕಂಡದ್ದು. ಮೂರನೆಯದೇ ನಿಜವಾದ ಸಾಕ್ಷಿ. ಅಲ್ಲಿನ ಮನೆಯವರನ್ನು ‘ಕೆಲಸ ಚೆನ್ನಾಗಿದೆಯೇ?’ ಎಂದು ಕೇಳುವುದಕ್ಕಿಂತ, ‘ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟ ಮೊತ್ತಕ್ಕೂ ಎಷ್ಟು ವ್ಯತ್ಯಾಸವಾಯಿತು? ಸೋರಿಕೆ ಕಂಡಾಗ ಕರೆದರೆ ಬಂದರೇ?’ ಎಂದು ಕೇಳಬೇಕು. ಅವರು ಸಾಮಗ್ರಿ ತರುವ ಅಂಗಡಿಗಳಲ್ಲಿ ಉದ್ರಿ ಬಾಕಿ ಹೇಗಿದೆ ಎಂದು ವಿಚಾರಿಸುವುದು ವರ್ತಕರಿಗೆ ಕಷ್ಟವಲ್ಲ. ಸಿಮೆಂಟು ಅಂಗಡಿಗೆ ಬಾಕಿ ಬೆಳೆಸಿಕೊಂಡವರು ನಮ್ಮ ಮುಂಗಡವನ್ನು ಹಿಂದಿನ ಕೆಲಸದ ಸಾಲಕ್ಕೆ ತೀರಿಸುವ ಸಂಭವವೇ ಹೆಚ್ಚು.

ತಿಳಿವಳಿಕೆಯನ್ನು ಪರೀಕ್ಷಿಸಲು ನಾಲ್ಕು ಪ್ರಶ್ನೆಗಳು ಸಾಕು. ಇವಕ್ಕೆ ಭಾರತೀಯ ಮಾನಕ ಐಎಸ್ 456:2000ರಲ್ಲಿ ಉತ್ತರವಿದೆ.

1. ತಾರಸಿಗೆ ಕಾಂಕ್ರೀಟಿನ ಮಿಶ್ರಣ ಯಾವುದು? ಕಬ್ಬಿಣ ಸೇರಿದ ಕಾಂಕ್ರೀಟಿಗೆ ಎಂ20 ದರ್ಜೆ ಕನಿಷ್ಠ. ರೂಢಿಯಲ್ಲಿ ಅದು 1:1½:3ರ ಮಿಶ್ರಣ. 1:2:4 ಎಂಬ ಹಳೆಯ ರೂಢಿ ಎಂ15ಕ್ಕೆ ಸಮ, ಅದು ಸಾಲದು.

2. ಒಂದು ಚೀಲ ಸಿಮೆಂಟಿಗೆ ನೀರೆಷ್ಟು? ನೀರು ಮತ್ತು ಸಿಮೆಂಟಿನ ಪ್ರಮಾಣ 0.55ನ್ನು ಮೀರಬಾರದು. ಅಂದರೆ 50 ಕಿಲೋ ಚೀಲಕ್ಕೆ ಮರಳಿನ ತೇವವೂ ಸೇರಿ ಸುಮಾರು 27 ಲೀಟರು. ‘ಕಲಸಲು ಬೇಕಾದಷ್ಟು’ ಎನ್ನುವುದು ಉತ್ತರವಲ್ಲ.

3. ತಾರಸಿಯ ಆಧಾರದ ಕಂಬಗಳನ್ನು ಯಾವಾಗ ತೆಗೆಯುತ್ತೀರಿ? ಸಾಮಾನ್ಯ ಸಿಮೆಂಟಿನಲ್ಲಿ 4.5 ಮೀಟರು ಹರವಿನವರೆಗೆ 7 ದಿನ, ಅದಕ್ಕೆ ಮೀರಿದರೆ 14 ದಿನ.

4. ಎಷ್ಟು ದಿನ ನೀರುಣಿಸುತ್ತೀರಿ? ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ. ನಮ್ಮಂತಹ ಒಣ ಹವೆಯ ಬೇಸಿಗೆಯಲ್ಲಿ 10 ದಿನ, ಪಿಪಿಸಿ ಸಿಮೆಂಟಾದರೆ 14 ದಿನದವರೆಗೆ.

ವಿದ್ಯುತ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿಯುಳ್ಳವರು ಯಾರು ಬರುತ್ತಾರೆ ಎಂಬುದನ್ನೂ ಕೇಳಿಕೊಳ್ಳಬೇಕು.

ದರಗಳ ಹೋಲಿಕೆ: ಒಂದು ಉದಾಹರಣೆ

ಅರ್ಹರೆಂದು ಕಂಡ ಮೂವರಿಗೂ ಇಂಜಿನಿಯರ ಒಂದೇ ಪಟ್ಟಿಯನ್ನು ಕೊಟ್ಟು ದರ ತುಂಬಿಸಬೇಕು. ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಎಂಟು ಚದರದ ಮನೆಯೊಂದರ ನವೀಕರಣಕ್ಕೆ ಬಂದ ದರಗಳು ಹೀಗಿವೆ:

ಮೊದಲನೆಯವರು: ರೂ. 9,60,000
ಎರಡನೆಯವರು: ರೂ. 11,20,000
ಮೂರನೆಯವರು: ರೂ. 10,40,000

ಮೇಲ್ನೋಟಕ್ಕೆ ಮೊದಲನೆಯವರೇ ಅಗ್ಗ. ಆದರೆ ಅವರ ಪಟ್ಟಿಯಲ್ಲಿ ಕೆಡಹಿದ ಮಣ್ಣಿನ ಸಾಗಣೆ (ರೂ. 45,000), ತಾರಸಿಯ ನೀರುತಡೆ (ರೂ. 60,000), ವೈರಿಂಗ್ (ರೂ. 85,000), ಬಣ್ಣ (ರೂ. 70,000) ಸೇರಿಲ್ಲ. ಇವನ್ನು ಕೂಡಿಸಿದರೆ ರೂ. 12,20,000 ಆಗುತ್ತದೆ. ಮೂರನೆಯವರ ಪಟ್ಟಿಯಲ್ಲಿ ಎಲ್ಲ ಕೆಲಸಗಳೂ ಇವೆ; ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿದೆ. ಶೇ. 18ರಂತೆ ರೂ. 1,87,200 ಸೇರಿ ರೂ. 12,27,200. ಎರಡನೆಯವರ ಮೊತ್ತದಲ್ಲಿ ಕೆಲಸವೂ ತೆರಿಗೆಯೂ ಅಡಕವಾಗಿವೆ. ಅತಿ ದುಬಾರಿ ಎಂದು ಬದಿಗಿಡಬೇಕೆನಿಸಿದವರೇ ಒಂದು ಲಕ್ಷ ರೂಪಾಯಿಯಷ್ಟು ಅಗ್ಗವಾದರು!

ಉಳಿದೆರಡರಿಗಿಂತ ತೀರಾ ಕೆಳಗಿರುವ ದರವನ್ನು ಲಾಭವೆಂದು ತಿಳಿಯದೆ ಪ್ರಶ್ನೆಯೆಂದು ತಿಳಿಯಬೇಕು. ಒಂದೋ ಕೆಲಸ ಬಿಟ್ಟುಹೋಗಿದೆ, ಇಲ್ಲವೇ ಮುಂದೆ ‘ಹೆಚ್ಚುವರಿ’ ಎಂಬ ಹೆಸರಿನಲ್ಲಿ ಅದು ಬರಲಿದೆ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದನ್ನೂ ದರ ಚರ್ಚೆಯಲ್ಲಿ ನೆನಪಿಡಬಹುದು.

ಹಣ ಕೆಲಸದ ಹಿಂದೆ ನಡೆಯಲಿ

ಇಡೀ ವಿಷಯದಲ್ಲಿ ಒಂದೇ ಸೂತ್ರವನ್ನು ಪಾಲಿಸಲು ಸಾಧ್ಯವೆಂದಾದರೆ ಅದು ಇದು: ಕೊಟ್ಟ ಹಣ ಎಂದಿಗೂ ಆದ ಕೆಲಸವನ್ನು ದಾಟಬಾರದು. ಹಣ ಮುಂದೆ ಹೋದ ದಿನದಿಂದ ಗುತ್ತಿಗೆದಾರರಿಗೆ ನಮ್ಮ ಕೆಲಸಕ್ಕಿಂತ ಹೊಸ ಮುಂಗಡ ಕೊಡುವವರ ಕೆಲಸ ಹತ್ತಿರವಾಗುತ್ತದೆ. ಅವರನ್ನು ಹಿಡಿದು ನಿಲ್ಲಿಸುವುದು ಬೈಗುಳವಲ್ಲ, ಬರಬೇಕಾದ ಬಾಕಿ. ಒಂದು ಮಾದರಿ ಕ್ರಮ ಹೀಗಿರಬಹುದು:

ಕರಾರಿನ ದಿನ ಮುಂಗಡ: ಶೇ. 10
ಕೆಡಹುವಿಕೆ, ಬುಡದ ದುರಸ್ತಿ ಮುಗಿದಾಗ: ಶೇ. 15
ಗೋಡೆ, ಲಿಂಟಲ್ ಮುಗಿದಾಗ: ಶೇ. 20
ತಾರಸಿ ಹಾಕಿ ನೀರುಣಿಸಿದ ಮೇಲೆ: ಶೇ. 20
ಗಾರೆ, ವೈರಿಂಗ್, ನೀರಿನ ಕೊಳವೆ ಮುಗಿದಾಗ: ಶೇ. 15
ನೆಲ, ಬಣ್ಣ ಮುಗಿದಾಗ: ಶೇ. 10
ಮನೆ ಒಪ್ಪಿಸಿದಾಗ: ಶೇ. 5
ಒಂದು ಮಳೆಗಾಲ ಕಳೆದ ಮೇಲೆ: ಶೇ. 5

ಮೇಲಿನ ಉದಾಹರಣೆಯಲ್ಲಿ ಕೊನೆಯ ಶೇ. 5 ಎಂದರೆ ರೂ. 56,000. ಸೋರಿಕೆ ಕಂಡಾಗ ಗುತ್ತಿಗೆದಾರರು ಬರುವಂತೆ ಮಾಡುವ ಶಕ್ತಿ ಈ ಮೊತ್ತಕ್ಕಿದೆ. ಆದರೆ ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಹಂತ ಮುಗಿದು ಇಂಜಿನಿಯರು ಒಪ್ಪಿದ ಮೇಲೆ ವಾರದೊಳಗೆ ಹಣ ಕೊಡಬೇಕು. ಶನಿವಾರ ಕೂಲಿ ಬಟವಾಡೆ ಮಾಡಲಾಗದ ಗುತ್ತಿಗೆದಾರರ ಬಳಿ ಸೋಮವಾರ ಆಳುಗಳಿರುವುದಿಲ್ಲ. ನಮ್ಮ ಗಿರಾಕಿಗಳು ಬಾಕಿ ಎಳೆದಾಗ ನಮಗಾಗುವ ಕಷ್ಟವನ್ನೇ ನಾವು ಇನ್ನೊಬ್ಬರಿಗೆ ಕೊಡುವುದು ಸಲ್ಲದು.

ಕರಾರು ಪತ್ರ

‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎಂಬ ಗಾದೆ ಈ ವಿಷಯಕ್ಕೆ ಅಕ್ಷರಶಃ ಒಪ್ಪುತ್ತದೆ. ಪರಿಚಯದವರು, ನೆಂಟರು ಎಂಬ ದಾಕ್ಷಿಣ್ಯದಿಂದ ಬರಹವನ್ನು ಬಿಡಬಾರದು. ಕರಾರಿನಲ್ಲಿ ಕೆಲಸದ ಪಟ್ಟಿ, ಸಾಮಗ್ರಿಗಳ ಹೆಸರು ಮತ್ತು ದರ್ಜೆ, ಪಾವತಿಯ ಹಂತಗಳು, ಆರಂಭ ಮತ್ತು ಮುಕ್ತಾಯದ ದಿನಾಂಕಗಳು ಇರಲೇಬೇಕು. ಜೊತೆಗೆ ಈ ಅಂಶಗಳು ಬಿಟ್ಟುಹೋಗಬಾರದು:

ಹೆಚ್ಚುವರಿ ಕೆಲಸ: ದರವನ್ನು ಬರೆದು ಇಬ್ಬರೂ ಸಹಿ ಮಾಡದೆ ಯಾವ ಹೆಚ್ಚುವರಿ ಕೆಲಸವನ್ನೂ ಆರಂಭಿಸತಕ್ಕದ್ದಲ್ಲ. ಮನೆಯ ಸದಸ್ಯರಲ್ಲಿ ಒಬ್ಬರು ಮಾತ್ರ ಆದೇಶ ಕೊಡುವವರಾಗಿರಬೇಕು.

ಹಳೆಯ ಸಾಮಗ್ರಿ: ಇಳಿಸಿದ ತೇಗದ ತೊಲೆ, ಕಂಬ, ಬಾಗಿಲು, ಚಪ್ಪಡಿಗಳಿಗೆ ಒಳ್ಳೆಯ ಬೆಲೆಯಿದೆ. ಅವು ಯಾರಿಗೆ ಸೇರುತ್ತವೆ ಎಂಬುದನ್ನು ಎಣಿಕೆ ಸಹಿತ ಬರೆಯಬೇಕು.

ನೀರು ಮತ್ತು ವಿದ್ಯುತ್: ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚು ಯಾರದು? ಕಾಮಗಾರಿಗೆ ತಾತ್ಕಾಲಿಕ ಸಂಪರ್ಕ ಬೇಕೇ ಎಂಬುದನ್ನು ಬೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಬೇಕು.

ಅಂಗಡಿಯ ಅನುಕೂಲ: ಯಾವ ದಿನಗಳಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ, ಧೂಳಿನಿಂದ ಮಾಲನ್ನು ಕಾಪಾಡುವ ಮರೆ ಯಾರು ಕಟ್ಟಬೇಕು ಎಂಬುದು ಬರಹದಲ್ಲಿರಲಿ. ನಮ್ಮ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಹೆಚ್ಚು. ಅದರ ಬೆನ್ನಿಗೇ ಮೆಕ್ಕೆಜೋಳದ ಆವಕ. ಆದ್ದರಿಂದ ಮಾಳಿಗೆ ಇಳಿಸುವ ಕೆಲಸ ಫೆಬ್ರವರಿಯಿಂದ ಮೇ ತಿಂಗಳೊಳಗೆ ಮುಗಿಯುವಂತೆ ದಿನಾಂಕ ಹಾಕುವುದು ಸೂಕ್ತ.

ಕಾರ್ಮಿಕರ ಸುರಕ್ಷತೆ: ಹಳೆಯ ಗೋಡೆ ಕೆಡಹುವುದು ಅಪಾಯದ ಕೆಲಸ. ಗುತ್ತಿಗೆದಾರರು ಕಾರ್ಮಿಕರ ಪರಿಹಾರ ವಿಮೆ ಮಾಡಿಸಿದ್ದಾರೆಯೇ, ಕಾರ್ಮಿಕರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರೇ ಎಂಬುದನ್ನು ಕಾಗದ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಬಡವನೊಬ್ಬನ ಜೀವಕ್ಕೆ ಹಾನಿಯಾದರೆ ಯಾವ ಉಳಿತಾಯವೂ ಅದನ್ನು ತುಂಬಲಾರದು.

ವಿಳಂಬದ ಪರಿಹಾರ: ದಿನಕ್ಕೆ ಇಷ್ಟು ಎಂದು ಬರೆಯುವಾಗ ಮೊತ್ತ ವಾಸ್ತವವಾಗಿರಲಿ. 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಪ್ರಕರಣದಂತೆ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ನ್ಯಾಯಾಲಯವು ಅದರೊಳಗೆ ಸಮಂಜಸ ಪರಿಹಾರವನ್ನು ಕೊಡಿಸುತ್ತದೆ. ಬದಲಿ ಗೋದಾಮಿನ ಬಾಡಿಗೆಯಂತಹ ಲೆಕ್ಕ ತೋರಿಸಬಲ್ಲ ಮೊತ್ತವನ್ನೇ ಹಾಕುವುದು ಜಾಣತನ.

ತೆರಿಗೆಯ ವಿಚಾರ

ಅಂಗಡಿ ಮತ್ತು ಮನೆಯ ಕೆಲಸಗಳಿಗೆ ಆರಂಭದಿಂದಲೇ ಪ್ರತ್ಯೇಕ ಬಿಲ್ಲು ಪಡೆಯಬೇಕು. ಕಾರಣಗಳು ಮೂರು.

ಮೊದಲನೆಯದಾಗಿ, ಹಿಂದಿನ ವರ್ಷ ಒಂದು ಕೋಟಿ ರೂಪಾಯಿ ಮೀರಿದ ವಹಿವಾಟುಳ್ಳ ವರ್ತಕರು ವ್ಯಾಪಾರದ ಕಟ್ಟಡಕ್ಕಾಗಿ ಗುತ್ತಿಗೆದಾರರಿಗೆ ಒಂದು ಬಾರಿಗೆ ರೂ. 30,000 ಅಥವಾ ವರ್ಷಕ್ಕೆ ಒಟ್ಟು ರೂ. 1,00,000 ಮೀರಿ ಕೊಡುವಾಗ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು. ಗುತ್ತಿಗೆದಾರರು ವ್ಯಕ್ತಿಯಾದರೆ ಶೇ. 1, ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇ. 2. ವ್ಯಕ್ತಿ ಅಥವಾ ಅವಿಭಕ್ತ ಕುಟುಂಬವು ಕೇವಲ ಸ್ವಂತ ವಾಸದ ಮನೆಗಾಗಿ ಕೊಟ್ಟ ಹಣಕ್ಕೆ ಈ ನಿಯಮವಿಲ್ಲ. ಅದು ವರ್ಷಕ್ಕೆ 50 ಲಕ್ಷ ಮೀರಿದರೆ ಬೇರೆ ನಿಯಮ ಅನ್ವಯಿಸುತ್ತದೆ. 1961ರ ಕಾಯಿದೆಯಲ್ಲಿ ಇದು 194-ಸಿ ಕಲಮಾಗಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿರುವುದರಿಂದ ಲೆಕ್ಕ ಪರಿಶೋಧಕರ ಸಲಹೆ ಪಡೆಯಬೇಕು.

ಎರಡನೆಯದಾಗಿ, ನವೀಕರಣದ ವೆಚ್ಚವನ್ನು ಕಟ್ಟಡದ ಬಂಡವಾಳಕ್ಕೆ ಸೇರಿಸಿದಷ್ಟರ ಮಟ್ಟಿಗೆ ಅದರ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಜಿಎಸ್‌ಟಿ ಕಾಯಿದೆಯ 17(5)ನೆಯ ಪ್ರಕರಣ ಇದನ್ನು ತಡೆದಿದೆ. ‘ಬಿಲ್ಲು ಕೊಡುತ್ತೇನೆ, ತೆರಿಗೆ ನಿಮಗೆ ವಾಪಸು ಬರುತ್ತದೆ’ ಎಂಬ ಭರವಸೆಯನ್ನು ನಂಬಿ ಲೆಕ್ಕ ಹಾಕಬಾರದು.

ಮೂರನೆಯದಾಗಿ, ಮುಂದೆ ಆಸ್ತಿ ಮಾರುವಾಗ ಬಂಡವಾಳ ಲಾಭದ ಲೆಕ್ಕದಲ್ಲಿ ಸುಧಾರಣೆಯ ವೆಚ್ಚವನ್ನು ಕಳೆಯಲು ಬಿಲ್ಲುಗಳೇ ಆಧಾರ. ಆದ್ದರಿಂದ ಪಾವತಿ ಬ್ಯಾಂಕಿನ ಮೂಲಕವೇ ಇರಲಿ.

ವ್ಯಾಜ್ಯ ಬಂದಾಗ

ಮನೆ ರಿಪೇರಿಯ ಕೆಲಸ ರೇರಾ ಕಾಯಿದೆಯ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಆಶ್ರಯ ಹುಡುಕಿ ಫಲವಿಲ್ಲ. ವಾಸದ ಮನೆಯ ಕೆಲಸದಲ್ಲಿ ಸೇವಾ ನ್ಯೂನತೆಯಾದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಚಿತ್ರದುರ್ಗದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿದ್ದರೆ ದೂರು ಜಿಲ್ಲಾ ಆಯೋಗದಲ್ಲಿಯೇ ನಡೆಯುತ್ತದೆ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಅಂಗಡಿ, ಗೋದಾಮಿನ ಕೆಲಸವಾದರೆ ‘ವಾಣಿಜ್ಯ ಉದ್ದೇಶ’ ಎಂಬ ಆಕ್ಷೇಪ ಏಳುತ್ತದೆ. ಜೀವನೋಪಾಯದ ಸ್ವಂತ ಉದ್ಯೋಗವೆಂದು ತೋರಿಸಬೇಕಾಗುತ್ತದೆ, ಇಲ್ಲವಾದರೆ ಸಿವಿಲ್ ನ್ಯಾಯಾಲಯವೇ ದಾರಿ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಕರಾರು ಪತ್ರ, ರಶೀದಿ, ದಿನಾಂಕವುಳ್ಳ ಛಾಯಾಚಿತ್ರಗಳನ್ನೇ. ಪ್ರತಿ ಹಂತದಲ್ಲಿಯೂ, ಮುಖ್ಯವಾಗಿ ಕಾಂಕ್ರೀಟ್ ಹಾಕುವ ಮೊದಲು ಕಬ್ಬಿಣ ಕಟ್ಟಿದ ಸ್ಥಿತಿಯಲ್ಲಿ, ಛಾಯಾಚಿತ್ರ ತೆಗೆದಿಡಬೇಕು.

ಉಪಸಂಹಾರ

ಒಳ್ಳೆಯ ಗುತ್ತಿಗೆದಾರರು ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ. ಬರಹದಲ್ಲಿ ಒಪ್ಪಂದವಿದ್ದರೆ ಕೊನೆಯ ಹಂತದಲ್ಲಿ ಮಾಲೀಕರು ಹಣ ತಡೆಹಿಡಿಯುವ ಭಯ ಅವರಿಗೂ ತಪ್ಪುತ್ತದೆ. ಪ್ರಶ್ನೆ ಕೇಳಿದೊಡನೆ ‘ನಮ್ಮ ಮೇಲೆ ನಂಬಿಕೆಯಿಲ್ಲವೇ?’ ಎನ್ನುವವರಿಗೆ, ನಂಬಿಕೆ ಇರುವುದರಿಂದಲೇ ಬರೆದುಕೊಡುತ್ತಿದ್ದೇವೆ ಎಂದು ಉತ್ತರಿಸಬಹುದು. ಅದಕ್ಕೂ ಒಪ್ಪದಿದ್ದಲ್ಲಿ ಇನ್ನೊಬ್ಬರನ್ನು ನೋಡುವುದು ಉತ್ತಮ.

ವರ್ತಕ ಬಾಂಧವರು ಈ ಬೇಸಿಗೆಯ ಕೆಲಸಗಳಿಗೆ ಮುಂಗಡ ಕೊಡುವ ಮೊದಲು ಮೂರು ಕಾಗದಗಳನ್ನು ಸಿದ್ಧಪಡಿಸಿಕೊಳ್ಳಲಿ: ಇಂಜಿನಿಯರ ಅಂದಾಜುಪಟ್ಟಿ, ಒಂದೇ ಪಟ್ಟಿಯ ಮೇಲೆ ಮೂವರು ತುಂಬಿದ ದರ, ಪಾವತಿಯ ಹಂತಗಳುಳ್ಳ ಕರಾರು. ಈ ಮೂರಕ್ಕೆ ಹಿಡಿಯುವುದು ಹೆಚ್ಚೆಂದರೆ ಒಂದು ತಿಂಗಳು. ಇವಿಲ್ಲದೆ ನಿಂತುಹೋದ ಕೆಲಸವು ಒಂದು ಸುಗ್ಗಿಯ ವ್ಯಾಪಾರವನ್ನೇ ನುಂಗಬಲ್ಲದು.